ದಿಂಬಿನ ಚೀಲದ ಕಾಗದ

ಇಸ್ತ್ರಿ ಪೆಟ್ಟಿಗೆಯ ಬೂದಿ ಊದಿ, ಅದರ ತಳವನ್ನು ಬಾಳೆಎಲೆಯ ಮೇಲೆ ಒಮ್ಮೆ ಎಳೆದು, ಅಂಬುಜಮ್ಮನವರ ಮನೆಯ ಗಂಟಿನಿಂದ ಮೂರನೆಯ ಸೀರೆ ತೆಗೆದು ಹಾಸಿದ್ದೆ. ಪೆಟ್ಟಿಗೆ ತಾಗಿದ್ದೇ ತಡ, ಚುಯ್ ಎಂದು ಹಬೆ ಎದ್ದು ಮುಖಕ್ಕೆ ಬಡಿಯಿತು. ಶಿವರಾತ್ರಿ ಕಳೆದ ಮೇಲಿನ ಬಿಸಿಲು. ಬೆಳಿಗ್ಗೆ ಹಾಕಿದ ಹಪ್ಪಳ ಮಧ್ಯಾಹ್ನಕ್ಕೆ ಮುರಿಯುವಷ್ಟು ಒಣಗುತ್ತಿತ್ತು. ಅಂಥ ಬಿಸಿಲಲ್ಲಿ ಈ ಸೀರೆ ಮೂರು ದಿನ ಹಗ್ಗದ ಮೇಲಿದ್ದು ಬಂದಿತ್ತು. ಹಿಂಡಿದರೆ ಈಗಲೂ ಒಂದು ಲೋಟ ನೀರು ಬರುವ ಹಾಗಿತ್ತು. ಹೋದ ವಾರಕ್ಕಿಂತ ಜಾಸ್ತಿಯಾಗಿದೆ ಎಂದು ಕೈಗೆ ಗೊತ್ತಾಯಿತು.

ಅಂಬುಜಮ್ಮ ಟೀಚರಿಗೆ ಲಕ್ವ ಹೊಡೆದು ಅವತ್ತಿಗೆ ಹನ್ನೊಂದು ದಿನ. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಅವರ ಸೊಸೆ ಮಂಗಳ ಗಂಟು ತಂದು ಹಾಕಿ, ನನ್ನ ಗುಡಿಸಲ ಮುಂದಿನ ಕಲ್ಲಿನ ಮೇಲೆ ಕೂತಿದ್ದಳು.

"ಅಜ್ಜಿ, ಇನ್ನೆಷ್ಟೊತ್ತು? ಪಕ್ಕದ್ಮನೆಯವ್ರನ್ನ ಕೂರಿಸಿ ಬಂದಿದೀನಿ."

"ಕೂತ್ಕೊ ತಾಯಿ. ಕೆಂಡಕ್ಕೆ ಆತುರ ಇಲ್ಲ."

"ನಮ್ಮತ್ತೆ ಸೀರೆ ಒಣಗಿಸೋಕೆ ನಿಮ್ಮ ಕೆಂಡ ಎಲ್ಲಿ ಸಾಕಾಗುತ್ತೆ? ಇಟ್ಟಿಗೆ ಗೂಡಿಗೇ ಹಾಕ್ಬೇಕು." ನಗೆಯಾಡಲು ಹೊರಟವಳು ಅರ್ಧಕ್ಕೇ ನಿಲ್ಲಿಸಿದಳು. "ಡಾಕ್ಟ್ರು ಇನ್ನೊಂದು ಸಲ ಹೊಡೆದ್ರೆ ಕಷ್ಟ ಅಂದ್ರು. ನಮ್ಮನೆಯವ್ರು ಸರಿಯಾಗಿ ಊಟಾನೇ ಮಾಡ್ತಿಲ್ಲ. ಅಮ್ಮನ ಸೀರೆ ಬೇಲಿಗೆ ಹೋಗ್ಬಿಡುತ್ತಾ ಅಂತ ಒಂದೇ ಸಮ ಕೇಳ್ತಾರೆ. ನಾನೇನು ಹೇಳ್ಲಿ?"

ನಾನು ಸೀರೆ ಮಗುಚಿ ಪೆಟ್ಟಿಗೆ ಒತ್ತಿದೆ. ಮತ್ತೆ ಹಬೆ ಎದ್ದಿತು.

ನಮ್ಮೂರಿನಲ್ಲಿ ಬಟ್ಟೆ ಒದ್ದೆಯಾಗಿರುವುದು ನಾಚಿಕೆಯ ವಿಷಯವಲ್ಲ. ಯಾಕೆ ಒದ್ದೆ ಎಂದು ಕೇಳುವುದೇ ನಾಚಿಕೆ. ಎದೆಯಲ್ಲಿ ಒಂದು ಗುಟ್ಟು ಇಟ್ಟುಕೊಂಡವರ ಬಟ್ಟೆ ಎಷ್ಟು ಬಿಸಿಲಿಗೂ ಒಣಗುವುದಿಲ್ಲ. ಯಾರಿಂದ ಮುಚ್ಚಿಟ್ಟಿದ್ದಾರೋ ಅವರಿಗೆ ತಿಳಿದ ದಿನ ಒಣಗುತ್ತದೆ. ಸಮಾಧಾನಕ್ಕೆಂದು ಮೂರನೆಯವರ ಕಿವಿಗೆ ಹಾಕಿದರೆ ಅವರ ಬಟ್ಟೆಯೂ ಒದ್ದೆ, ಅಷ್ಟೇ ಲಾಭ. ಹಾಗಾಗಿ ಇಲ್ಲಿ ಯಾರಾದರೂ ಹತ್ತಿರ ಸರಿದು ದನಿ ತಗ್ಗಿಸಿದರೆ, "ಬೇಡ ಕಣವ್ವ, ನನಗಿರೋದು ಎರಡೇ ಸೀರೆ" ಎಂದು ಎದ್ದುಹೋಗುತ್ತಾರೆ. ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಹಗ್ಗ. ಮದುವೆಯಾಗಿ ಬರುವ ಹೆಣ್ಣು ತವರಿನಿಂದ ಮೊದಲು ತರುವುದು ತನ್ನ ಹಗ್ಗವನ್ನು. ಗಂಡನ ಹಗ್ಗದ ಮೇಲೆ ಅವಳ ಸೀರೆ ಹಾಕುವಂತಿಲ್ಲ, ಯಾರದ್ದು ಯಾರಿಗೆ ತಾಗಿತೋ ಎಂಬ ಜಗಳ ಬೇಡವೆಂದು. ಪರೀಕ್ಷೆ ಮುಗಿದ ವಾರ ಮಕ್ಕಳ ಚಡ್ಡಿಗಳು, ಚುನಾವಣೆಯ ತಿಂಗಳು ದೊಡ್ಡವರ ಬಿಳಿ ಬಟ್ಟೆಗಳು ಸೋರುತ್ತವೆ. ಒದ್ದೆ ವಾಸನೆ ಹೋಗಲೆಂದು ಎಲ್ಲರ ಟ್ರಂಕಿನಲ್ಲೂ ಕರ್ಪೂರ. ಇಷ್ಟೆಲ್ಲ ಇರುವುದರಿಂದಲೇ ನನ್ನಂಥವಳ ಹೊಟ್ಟೆ ನಡೆಯುತ್ತಿತ್ತು. ಬಿಸಿಲು ಒಣಗಿಸದ್ದನ್ನು ನನ್ನ ಪೆಟ್ಟಿಗೆ ಒಂದು ದಿನದ ಮಟ್ಟಿಗಾದರೂ ಒಣಗಿಸುತ್ತಿತ್ತು. ಮಾರನೆಯ ಬೆಳಿಗ್ಗೆ ಮತ್ತೆ ತೇವ ಏರುತ್ತಿತ್ತು, ಮತ್ತೆ ನನ್ನ ಬಳಿಗೆ ಬರುತ್ತಿತ್ತು.

ಇಸ್ತ್ರಿಯ ಕೆಲಸಕ್ಕೆ ನಮ್ಮಲ್ಲಿ ಒಂದೇ ಕಟ್ಟಳೆ. ಓದು ಬರಬಾರದು. ಜೇಬಿನಲ್ಲಿ, ಮಡಿಕೆಯಲ್ಲಿ ಜನ ಏನೇನೋ ಕಾಗದ ಮರೆತಿರುತ್ತಾರೆ. ಸಿಕ್ಕಿದ್ದನ್ನು ಅದೇ ಬಟ್ಟೆಯ ಮೂಲೆಗೆ ಕಟ್ಟಿ, ಬಾಯಿ ಬಿಡದೆ ವಾಪಸ್ಸು ಕಳಿಸಬೇಕು. ನನ್ನ ಹಿಂದಿದ್ದವನು ಅಕ್ಷರ ಬಲ್ಲವನು. ಒಂದೊಂದೇ ಚೀಟಿ ಓದಿ ಓದಿ, ಅವನು ನಡೆದಲ್ಲೆಲ್ಲ ನೀರು ತೊಟ್ಟಿಕ್ಕಿ, ಎದೆಗೆ ಶೀತ ಇಳಿದು, ಕೊನೆಗೆ ಊರೇ ಬಿಟ್ಟ. ಆಮೇಲೆ ಯುಗಾದಿಯ ಮಾರನೆಯ ದಿನ ಚಾವಡಿಯಲ್ಲಿ ಪರೀಕ್ಷೆ ಶುರುವಾಯಿತು. ಬೀದಿಯ ಮೂವರು ಹಿರಿಯರು ಕೂತು ಒಂದು ಬರೆದ ಹಾಳೆ ಎತ್ತಿ ಹಿಡಿಯುತ್ತಾರೆ. "ಓದವ್ವ" ಅನ್ನುತ್ತಾರೆ. "ಬರಾಕಿಲ್ಲ ಬುದ್ಧಿ" ಅನ್ನಬೇಕು. ಬಾಯಿ ಸುಳ್ಳು ಹೇಳಬಹುದೆಂದು ಅವರು ಕಣ್ಣನ್ನು ನೋಡುತ್ತಾರೆ. ಅದಕ್ಕೇ ಹಾಳೆಯಲ್ಲಿ ನಗೆಯ ಮಾತು ಬರೆದಿರುತ್ತಾರೆ. ಕಣ್ಣು ನಕ್ಕರೆ ಕೆಲಸ ಹೋಯಿತು.

ಈ ವರ್ಷದ ಪರೀಕ್ಷೆಗೆ ಇನ್ನು ಹದಿನೈದು ದಿನವಿತ್ತು. ನನಗೆ ಓದು ಬಂದು ಹದಿನಾರು ವರ್ಷವಾಗಿತ್ತು.

ಕಲಿತದ್ದು ಯಾರ ಜೇಬಿನ ಮೇಲಿನ ಆಸೆಗೂ ಅಲ್ಲ. ನಮ್ಮ ಯಜಮಾನರು ಮಾಯಣ್ಣ ಸತ್ತಾಗ ಅವರ ಅಂಗಿ ಒದ್ದೆಯಾಗಿತ್ತು. ಏನು ಮುಚ್ಚಿಟ್ಟಿದ್ದರೋ, ಯಾರಿಂದಲೋ, ನನ್ನಿಂದಲೋ. ಅವರ ಟ್ರಂಕಿನ ತಳದಲ್ಲಿ ಒಂದು ಬರೆದ ಚೀಟಿ ಸಿಕ್ಕಿತು. ಯಾರಿಂದ ಓದಿಸಲಿ? ಓದಿದವರ ಬಟ್ಟೆ ಒದ್ದೆಯಾಗುತ್ತದೆ ಎಂದು ಗೊತ್ತಿದ್ದೂ ಯಾರನ್ನು ಕೇಳಲಿ? ಮೂರು ವರ್ಷ ಅದನ್ನು ಮಡಿಚಿಟ್ಟು, ಐವತ್ತನೆಯ ವಯಸ್ಸಿಗೆ ಹೊಳೆಯಾಚೆಯ ರಾತ್ರಿ ಶಾಲೆಗೆ ಸೇರಿದೆ. ಆಚೆ ಛತ್ರದಲ್ಲಿ ಇಸ್ತ್ರಿ ಕೆಲಸವಿದೆ ಎಂದು ಊರಿಗೆ ಹೇಳಿದೆ. ಅಲ್ಲಿಯ ಮೇಷ್ಟ್ರು ನನ್ನ ಕೈ ಹಿಡಿದು ತಿದ್ದಿಸುವಾಗ, "ಸ್ಲೇಟನ್ನ ಅಷ್ಟು ಒತ್ತಬೇಡಿ ತಾಯಿ, ಅದು ಪಂಚೆಯಲ್ಲ" ಅನ್ನುತ್ತಿದ್ದರು. ಎರಡು ವರ್ಷಕ್ಕೆ ಮಾಯಣ್ಣನ ಚೀಟಿ ಓದಿದೆ. ಛತ್ರಿ ರಿಪೇರಿಗೆ ಕೊಟ್ಟ ರಸೀದಿ. ಅಷ್ಟೇ. ಅಂಗಿಯ ಗುಟ್ಟು ಬೇರೆಯದೇ ಇತ್ತು, ಅದು ಅವರ ಜೊತೆಗೇ ಹೋಯಿತು. ಆದರೆ ಬಂದ ಅಕ್ಷರ ವಾಪಸ್ಸು ಹೋಗಲಿಲ್ಲ. ಕಣ್ಣಿಗೆ ಬಿದ್ದದ್ದನ್ನೆಲ್ಲ ಕಣ್ಣು ಓದಿಬಿಡುತ್ತಿತ್ತು. ಅವತ್ತಿನಿಂದ ನನ್ನ ಸೆರಗೂ ಒದ್ದೆ. ನನ್ನ ಬಟ್ಟೆಗೆ ನಾನೇ ಇಸ್ತ್ರಿ ಮಾಡಿಕೊಳ್ಳುವುದರಿಂದ ಯಾರಿಗೂ ತಿಳಿಯಲಿಲ್ಲ.

ಸೀರೆ ಮಡಿಚಿಟ್ಟು ದಿಂಬಿನ ಚೀಲ ತೆಗೆದೆ. ಒಳಗೆ ಕೈ ಹಾಕುವ ಮೊದಲೇ ಗೊತ್ತಿತ್ತು. ಇದ್ದೇ ಇತ್ತು, ಆ ಲಕೋಟೆ.

ಹದಿನೆಂಟು ವರ್ಷದಿಂದ, ವಾರಕ್ಕೊಂದು ಸಲ, ಅಂಬುಜಮ್ಮನವರ ದಿಂಬಿನ ಚೀಲದಲ್ಲಿ ಅದೇ ಲಕೋಟೆ ಬರುತ್ತಿತ್ತು. ತಲೆಯಡಿಯಲ್ಲಿ ಬಚ್ಚಿಟ್ಟು, ಬಟ್ಟೆ ಹಾಕುವ ದಿನ ತೆಗೆಯಲು ಮರೆಯುತ್ತಾರೆ, ಪಾಪ, ಎಂದು ನಾನು ಅಂದುಕೊಂಡಿದ್ದೆ. ಮೊದಲೆರಡು ವರ್ಷ ಏನೆಂದು ತಿಳಿಯದೆ ಮೂಲೆಗೆ ಕಟ್ಟಿ ಕಳಿಸಿದೆ. ಆಮೇಲೆ ತಿಳಿದೂ ಕಟ್ಟಿ ಕಳಿಸಿದೆ. ತೇವಕ್ಕೆ ಅಂಟು ಬಿಟ್ಟು ಅದರ ಬಾಯಿ ತೆರೆದೇ ಇತ್ತು. ಮೇಲಿನ ವಿಳಾಸ ಶಾಯಿಯದು. ವರ್ಷ ವರ್ಷಕ್ಕೂ ಕರಗಿ, ಮೊದಲು ಊರು ಹೋಯಿತು, ಆಮೇಲೆ ಬೀದಿ, ಆಮೇಲೆ ಹೆಸರು. ಅಷ್ಟರಲ್ಲಿ ನನಗೆ ಬಾಯಿಪಾಠವಾಗಿತ್ತು. ಒಳಗಿನದು ಪೆನ್ಸಿಲ್ಲಿನ ಬರಹ, ಒಂದಕ್ಷರವೂ ಅಳಿಸಿರಲಿಲ್ಲ.

"ವಿಶಾಲು," ಎಂದು ಶುರುವಾಗುತ್ತಿತ್ತು. "ಅಮ್ಮ ನಿನ್ನ ಮುಖ ನೋಡುವುದಿಲ್ಲ ಅಂದಿದ್ದಾಳೆ, ಬರಬೇಡ ಎಂದು ನಿನಗೆ ಬರೆದೆನಲ್ಲ, ಅದು ಸುಳ್ಳು. ಅಮ್ಮ ಹಾಗೆ ಅನ್ನಲಿಲ್ಲ. ಕೊನೆಯ ಒಂಬತ್ತು ದಿನ ನಿನ್ನ ಹೆಸರನ್ನೇ ಹೇಳುತ್ತಿದ್ದಳು. ಬಾಗಿಲು ಸದ್ದಾದಾಗಲೆಲ್ಲ ತಲೆ ಎತ್ತುತ್ತಿದ್ದಳು. ಆರು ವರ್ಷ ಅವಳ ಹಾಸಿಗೆಯ ಹೊಲಸು ಬಾಚಿದವಳು ನಾನು, ಅವಳು ಕರೆದದ್ದು ನಿನ್ನನ್ನು. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ."

ವಿಶಾಲಾಕ್ಷಿ ಅವರ ತಂಗಿ. ಮನೆಯವರಿಗೆ ಬೇಡವಾದವನನ್ನು ಮದುವೆಯಾಗಿ ದೂರದ ಊರಿಗೆ ಹೋದವಳು. ತಾಯಿ ಕಣ್ಣು ಮುಚ್ಚಿ ನಲವತ್ತು ವರ್ಷ. ನಲವತ್ತು ವರ್ಷದಿಂದ ಅವಳು, ನನ್ನ ಹೆತ್ತವಳಿಗೆ ಸಾಯುವಾಗಲೂ ನಾನು ಬೇಡವಾಗಿದ್ದೆ ಎಂದೇ ನಂಬಿ ಬದುಕಿದ್ದಾಳೆ. ವರ್ಷಕ್ಕೊಮ್ಮೆ ಬರುವ ಬಳೆಗಾರ ಸುದ್ದಿ ತರುತ್ತಿದ್ದ. "ಅದೇ ಮನೆ ಕಣ್ರವ್ವ, ಗೇಟಲ್ಲಿ ಅದೇ ದಾಸವಾಳ. ಅಕ್ಕನ ಮನೆ ಕಡೆ ಹೋಗ್ತೀನಿ ಅಂದ್ರೆ ಮಾತ್ರ ಒಳಕ್ಕೆ ಎದ್ದು ಹೋಗ್ಬಿಡ್ತಾರೆ."

ಲಕೋಟೆಯನ್ನು ಒಂದು ಒಣ ಬಟ್ಟೆಯ ಕೆಳಗಿಟ್ಟು ಪೆಟ್ಟಿಗೆಯನ್ನು ಹಗುರವಾಗಿ ಆಡಿಸಿದೆ. ಎಂದಿನಂತೆ ಚೀಲದ ಮೂಲೆಗೆ ಕಟ್ಟಲು ಹೋದೆ. ಆಗ ಮಂಗಳ ಅಂದಳು:

"ಅದೇನಜ್ಜಿ ಆ ಚೀಲದಲ್ಲಿ? ಎಲೆಅಡಿಕೆ ಸಂಚಿಯಾ? ಬೆಳಿಗ್ಗೆ ದಿಂಬಿನ ಚೀಲ ಬಿಚ್ಚೋಕೆ ಹೋದ್ರೆ ನಮ್ಮತ್ತೆ ಮುಟ್ಟೋಕೇ ಬಿಡ್ಲಿಲ್ಲ. ಹಾಸಿಗೆ ಕೆಳಗಿಂದ ಎಡಗೈಯಲ್ಲಿ ಏನೋ ಎಳೆದು ಎಳೆದು, ಚೀಲದ ಬಾಯೊಳಕ್ಕೆ ತುರುಕೋಕೆ ಒಂದು ಗಂಟೆ ಒದ್ದಾಡಿದ್ರು. ನಾನು ಹಿಡ್ಕೊಂಡ್ರೆ ಕೈಗೆ ಹೊಡೆದ್ರು. ಆಮೇಲೆ ಚೀಲಾನ ನನ್ನ ಎದೆಗೆ ಒತ್ತಿ 'ದೇವೀರಿ, ದೇವೀರಿ' ಅಂತ ನಿಮ್ಮ ಹೆಸರು. ಎಲೆಅಡಿಕೆ ನಿಮಗೆ ಕಳಿಸ್ತಾರಾ ಏನು ಕಥೆ?"

ನನ್ನ ಕೈ ಅಲ್ಲೇ ನಿಂತಿತು. ಪೆಟ್ಟಿಗೆಯನ್ನು ಬಟ್ಟೆಯ ಮೇಲೆಯೇ ಬಿಟ್ಟಿದ್ದೆ. ಮಂಗಳ "ಅಜ್ಜೀ, ಸುಡ್ತಾ ಇದೆ!" ಎಂದು ಕೂಗಿದಾಗ ಎತ್ತಿದೆ. ಐವತ್ತು ವರ್ಷದ ಕಸುಬಿನಲ್ಲಿ ಮೊದಲ ಸಲ ಒಂದು ಬಟ್ಟೆ ಸುಟ್ಟೆ.

ಬಚ್ಚಿಟ್ಟು ಮರೆತದ್ದಲ್ಲ ಅದು. ಕಳಿಸಿದ್ದು. ಲಕೋಟೆಯನ್ನು ಮತ್ತೆ ನೋಡಿದೆ. ಅದರ ಮೂಲೆಯಲ್ಲಿ ಒಂದರ ಪಕ್ಕ ಒಂದು ಐದು ಸ್ಟಾಂಪುಗಳಿದ್ದವು. ಅಂಚೆಯ ದರ ಏರಿದಾಗಲೆಲ್ಲ ಹೊಸದೊಂದು ಸೇರಿತ್ತು. ಹದಿನೆಂಟು ವರ್ಷ ನನ್ನ ಕಣ್ಣೆದುರೇ ಸೇರುತ್ತಾ ಬಂದಿತ್ತು. ಮರೆತು ದಿಂಬಿನಲ್ಲಿ ಬಿಟ್ಟ ಕಾಗದಕ್ಕೆ ಯಾರು ಸ್ಟಾಂಪು ಹಚ್ಚುತ್ತಾರೆ? ಹೊಳೆಯಾಚೆಗೆ ಹೋಗಿಬರುವವಳೆಂದು ಪ್ರತಿ ವಾರ ಅವರು ನನಗೆ, "ಇದನ್ನು ಅಂಚೆಗೆ ಹಾಕಿಬಿಡು" ಎಂದು ಕಳಿಸುತ್ತಿದ್ದರು. ಪ್ರತಿ ವಾರ ನಾನು ನಿಯತ್ತಿನಿಂದ ಮೂಲೆಗೆ ಕಟ್ಟಿ ಹಿಂದಿರುಗಿಸುತ್ತಿದ್ದೆ. ಅವರು ಗಂಟು ಬಿಚ್ಚಿ, ಇವಳು ಈ ವಾರವೂ ಒಪ್ಪಲಿಲ್ಲ ಎಂದುಕೊಂಡು ಮುಂದಿನ ವಾರ ಮತ್ತೆ ಕಳಿಸುತ್ತಿದ್ದರು. ಇದನ್ನು ನೆನೆದು ನನಗೆ ಅಳು ಬರಲಿಲ್ಲ, ಭಯ ಬಂತು. ಹನ್ನೊಂದು ದಿನ ಆಗಲೇ ಹೋಗಿವೆ.

"ನಡಿ ತಾಯಿ, ಗಂಟು ನಾನೇ ಹೊತ್ಕೊಂಡು ಬರ್ತೀನಿ" ಎಂದೆ.

ಅಂಬುಜಮ್ಮನವರು ನಡುಮನೆಯ ಕಿಟಕಿಯ ಪಕ್ಕ ಮಲಗಿದ್ದರು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದ ಕೈ ಹೊದಿಕೆಯ ಮೇಲೆ ಯಾರದೋ ಸಾಮಾನಿನ ಹಾಗೆ ಬಿದ್ದಿತ್ತು. ಹಾಸಿಗೆಯ ಕೆಳಗೆ ಒಂದು ಹಿತ್ತಾಳೆ ತಟ್ಟೆ. ಸೀರೆಯ ಅಂಚಿನಿಂದ ಅದಕ್ಕೆ ಟಪ್ ಟಪ್ ಎಂದು ನೀರು ಬೀಳುತ್ತಿತ್ತು. ಮಂಗಳ ಗಂಜಿ ತರಲು ಒಳಗೆ ಹೋದಳು. ನಾನು ನೆಲದ ಮೇಲೆ ಕೂತು, ಲಕೋಟೆಯನ್ನು ಅವರ ಕಣ್ಣಿಗೆ ಕಾಣುವಂತೆ ಹಿಡಿದೆ.

"ಟೀಚರಮ್ಮ, ನಾನೊಂದು ತಪ್ಪು ಮಾಡಿದೀನಿ. ಇದನ್ನ ಓದಿದೀನಿ. ಇವತ್ತು ನಿನ್ನೆಯಲ್ಲ. ನನಗೆ ಓದೋಕೆ ಬರುತ್ತೆ."

ಅವರು ನನ್ನನ್ನೇ ನೋಡಿದರು. ಸರಿಯಿದ್ದ ಅರ್ಧ ತುಟಿ ಮೇಲಕ್ಕೆ ಹೋಯಿತು.

"ಗೊ…ತ್ತು."

"ಏನು ಗೊತ್ತು?"

"ಪಂ…ಚೆ." ಉಸಿರು ತೆಗೆದುಕೊಂಡರು. "ಲೋ…ಕಪ್ಪ. ಪಂಚೆ."

ಹದಿನಾಲ್ಕು ವರ್ಷದ ಹಿಂದಿನ ಪರೀಕ್ಷೆ. ಆಗ ಹಿರಿಯರ ಮೂವರಲ್ಲಿ ಟೀಚರಮ್ಮನೂ ಒಬ್ಬರು. ಹಾಳೆ ಬರೆದವರೂ ಅವರೇ. ಎತ್ತಿ ಹಿಡಿದವರು ಗುಮಾಸ್ತೆ ಲೋಕಪ್ಪನವರು, ಊರಿನಲ್ಲೇ ಗಂಭೀರ ಮುಖದ ಮನುಷ್ಯ. ಏನು ಬರೆದಿದೆ ಎಂದು ನೋಡದೆಯೇ ಅವರು ಅದನ್ನು ನನ್ನ ಮುಖಕ್ಕೆ ಹಿಡಿದಿದ್ದರು. ಹಾಳೆಯಲ್ಲಿ, "ಇದನ್ನು ಹಿಡಿದವರ ಪಂಚೆ ಹಿಂದುಗಡೆ ತೂತಾಗಿದೆ" ಎಂದಿತ್ತು. ತೂತಾಗಿದ್ದು ನಿಜವೇ, ಬೆಳಿಗ್ಗೆಯಷ್ಟೇ ನಾನೇ ಅದಕ್ಕೆ ಇಸ್ತ್ರಿ ಮಾಡಿದ್ದೆ. ನಾಲಿಗೆ ಕಚ್ಚಿಕೊಂಡು, ಕಣ್ಣು ಕಲ್ಲು ಮಾಡಿಕೊಂಡು, "ಬರಾಕಿಲ್ಲ ಬುದ್ಧಿ" ಎಂದಿದ್ದೆ. ಗೆದ್ದೆ ಎಂದುಕೊಂಡಿದ್ದೆ.

"ಕಣ್ಣು ನಗ್ಲಿಲ್ಲವಲ್ಲ ಟೀಚರಮ್ಮ!"

"ಕಾ…ಲು. ಬೆರಳು." ಅವರ ಎಡಗೈಯ ಬೆರಳುಗಳು ಹೊದಿಕೆಯ ಮೇಲೆ ಮಡಿಚಿ ಮಡಿಚಿ ಕುಣಿದವು. ನನ್ನ ಕಾಲ್ಬೆರಳು ಅವತ್ತು ಹೇಗೆ ನಕ್ಕಿದ್ದವೆಂದು ತೋರಿಸಿದರು. ಅವರ ಗಂಟಲಿನಿಂದ ಕೆಮ್ಮಿನಂಥ ಸದ್ದು ಬಂತು. ನಗುತ್ತಿದ್ದರು.

ನಾನೂ ನಕ್ಕೆ. ಆಮೇಲೆ ಸಿಟ್ಟು ಬಂತು. "ಗೊತ್ತಿದ್ದೂ ಒಂದು ಮಾತು ಆಡಬಾರ್ದಾಗಿತ್ತಾ? ದೇವೀರಿ, ಇದನ್ನ ಹಾಕಿ ಬಾ ಅಂತ ಬಾಯಿಬಿಟ್ಟು ಅಂದಿದ್ರೆ ಹಾಕಿ ಬರ್ತಿರ್ಲಿಲ್ವಾ?"

"ನೀ…" ಅವರು ನನ್ನ ಸೆರಗನ್ನು ಎಡಗೈಯಲ್ಲಿ ಹಿಡಿದರು. ಬೆಳಿಗ್ಗೆ ಕೆಂಡ ಕಾಣಿಸಿದ್ದ ಸೆರಗು ಆಗಲೇ ತಣ್ಣಗೆ ತೇವವಾಗಿತ್ತು. "ನೀ… ಯಾಕೆ… ಆಡ್ಲಿಲ್ಲ?"

ನನಗೆ ಓದು ಬರುವುದು ಅವರಿಗೆ ಗೊತ್ತೆಂದು ನನಗೆ ಗೊತ್ತಾದರೆ ನಾನು ಮನೆಗೆ ಬರುವುದನ್ನೇ ಬಿಟ್ಟೇನೆಂದು ಅವರಿಗೆ ಭಯ. ಅವರ ಕಾಗದ ಓದಿದ್ದೇನೆಂದು ಅವರಿಗೆ ತಿಳಿದರೆ ಬಾಗಿಲು ಮುಚ್ಚಿಯಾರೆಂದು ನನಗೆ ಭಯ. ಇಷ್ಟು ವರ್ಷ ವಾರ ವಾರವೂ ಕಾಫಿ ಕುಡಿದಿದ್ದೇವೆ, ಬೆಲ್ಲದ ರುಚಿ, ಮೊಣಕಾಲಿನ ನೋವು ಎಲ್ಲ ಮಾತಾಡಿದ್ದೇವೆ. ನಡುವೆ ಈ ಲಕೋಟೆ ಹೋಗಿ ಬಂದು ಮಾಡುತ್ತಿತ್ತು.

"ಇವತ್ತೇ ಹಾಕ್ತೀನಿ" ಎಂದೆ.

ಅವರ ಮುಖ ಬದಲಾಯಿತು. ತಲೆಯನ್ನು ದಿಂಬಿನ ಮೇಲೆ ಆಚೀಚೆ ಆಡಿಸಿದರು. "ಇ…ಲ್ಲಿ ಬೇಡ. ಹೊಳೆ… ಆಚೆ."

ಯಾಕೆಂದು ನನಗೆ ತಿಳಿಯಿತು. ನಮ್ಮೂರಲ್ಲಿ ಅಂಚೆಡಬ್ಬಿ ಇಲ್ಲ. ಒಮ್ಮೆ ಇಟ್ಟಿದ್ದರು. ಮುಚ್ಚಿದ ಡಬ್ಬಿಯಲ್ಲಿ ಎಲ್ಲರ ಕಾಗದ ಒಟ್ಟಿಗೆ ಬಿದ್ದು, ವಾರದೊಳಗೆ ತೊಯ್ದು ಅಂಬಲಿಯಾಯಿತು. ಅಂದಿನಿಂದ ಕಾಗದವನ್ನು ಅಂಚೆಮನೆಯ ಕಿಟಕಿಯಲ್ಲೇ ಕೊಡಬೇಕು. ಅಂಚೆಯವನು ಗುರುಸಿದ್ದು ವಿಳಾಸವನ್ನು ಗಟ್ಟಿಯಾಗಿ ಓದಿ, ಬರೆದವರ ಹೆಸರು ಕೇಳಿ, ಎಲ್ಲರೆದುರಿಗೆ ಮುದ್ರೆ ಒತ್ತುತ್ತಾನೆ. ವಿಶಾಲಾಕ್ಷಿಯ ಹೆಸರನ್ನು ಬೀದಿಗೆಲ್ಲ ಕೇಳುವಂತೆ ಕೂಗಿಸಿಕೊಂಡು ನಿಲ್ಲುವ ಧೈರ್ಯ ಟೀಚರಮ್ಮನಿಗೆ ಹದಿನೆಂಟು ವರ್ಷವೂ ಬರಲಿಲ್ಲ. ಈಗ ಅವರು ಹೆದರುತ್ತಿದ್ದುದು ತಮಗಾಗಿ ಅಲ್ಲ. ಅಳಿಸಿಹೋದ ವಿಳಾಸವನ್ನು ಯಾರಾದರೂ ಬರೆಯಬೇಕು. ಬರೆಯುವವಳು ನಾನು.

ಹೊಳೆಯಾಚೆ ಎಲ್ಲ ಊರುಗಳಂತೆ ಕೆಂಪು ಡಬ್ಬಿಯಿದೆ. ಯಾರೂ ಕೇಳುವುದಿಲ್ಲ. ನನಗೂ ಅದೇ ಬೇಕಿತ್ತು. ಲಕೋಟೆಯನ್ನು ರವಿಕೆಯೊಳಗೆ ಸೇರಿಸಿಕೊಂಡು ಸೇತುವೆಯ ದಾರಿ ಹಿಡಿದೆ. ಬಿಸಿಲು ನೆತ್ತಿಗೆ ಬಂದಿತ್ತು. ಎದುರಿಗೆ ಬಂದವರೆಲ್ಲ, "ಎಲ್ಲಿಗೆ ದೇವೀರಕ್ಕ, ಇಷ್ಟು ಬಿಸಿಲಲ್ಲಿ?" ಎಂದರೆ ನನ್ನ ಎದೆಯಲ್ಲಿ ಕಾಗದ ಗಲಗಲ ಎಂದ ಹಾಗಾಗುತ್ತಿತ್ತು. ಹಾದಿಯುದ್ದಕ್ಕೂ ಒಂದೇ ಲೆಕ್ಕ: ಈಗ ಟೀಚರಮ್ಮನ ಸೀರೆ ಎಷ್ಟು ತೊಟ್ಟಿಕ್ಕುತ್ತಿದೆ, ಕಾಗದ ಹೋಗಿ ಮುಟ್ಟಲು ಎಷ್ಟು ದಿನ, ಅಷ್ಟು ದಿನ ಅವರಿಗಿದೆಯೋ.

ಸೇತುವೆಗೆ ಮುಂಚೆ ಊರಿನ ಮುಳ್ಳುಬೇಲಿ ಸಿಗುತ್ತದೆ. ಬಟ್ಟೆ ಒದ್ದೆಯಾಗಿರುವಾಗಲೇ ಸತ್ತವರ ಒಂದೊಂದು ಬಟ್ಟೆಯನ್ನು ಅಲ್ಲಿ ಹರವುತ್ತಾರೆ. ಮನೆಯಲ್ಲಿ ಇಡುವಂತಿಲ್ಲ, ಸುಡಲು ಹೋದರೆ ಬೆಂಕಿ ಹತ್ತುವುದಿಲ್ಲ. ಬೇಲಿಯುದ್ದಕ್ಕೂ ಬಣ್ಣ ಹೋದ ಸೀರೆ, ಪಂಚೆ, ಒಂದು ಮಗುವಿನ ಲಂಗ. ಎಲ್ಲದರಿಂದಲೂ ತೊಟ್ಟು ತೊಟ್ಟು. ಅದರ ಬುಡದಲ್ಲಿ ಮಾತ್ರ ಬೇಸಿಗೆಯಲ್ಲೂ ಹಸಿರು ಹುಲ್ಲು. ಆ ಹುಲ್ಲನ್ನು ದನ ಮುಟ್ಟುವುದಿಲ್ಲ.

ಮಾಯಣ್ಣನ ಚೌಕುಳಿ ಅಂಗಿ ನಾಲ್ಕನೆಯ ಕಂಬದ ಹತ್ತಿರವಿದೆ. ಇಪ್ಪತ್ತೊಂದು ವರ್ಷದಿಂದ ನಾನು ಆ ಕಡೆ ಮುಖ ತಿರುಗಿಸದೆ ಸೇತುವೆ ದಾಟಿದವಳಲ್ಲ. ಅವತ್ತೂ ನಿಂತೆ. ಅಂಗಿಯ ಕೈಯಿಂದ ಒಂದು ಹನಿ ಇಳಿದು, ತುದಿಯಲ್ಲಿ ನಿಂತು, ಬಿತ್ತು. ಪಕ್ಕದಲ್ಲಿ ಒಂದು ಸೀರೆ ಹರವುವಷ್ಟು ಜಾಗ ಖಾಲಿ ಇತ್ತು.

ಆಗ ಹೊಳೆಯಿತು. ಟೀಚರಮ್ಮನ ಎದೆಯಲ್ಲಿ ಇರುವುದು ಒಂದಲ್ಲ, ಎರಡು. ಒಂದು ತಂಗಿಯಿಂದ ಮುಚ್ಚಿಟ್ಟದ್ದು. ಇನ್ನೊಂದು ನನ್ನದು, ಹದಿನಾಲ್ಕು ವರ್ಷದಿಂದ ಊರಿನಿಂದ ಮುಚ್ಚಿಟ್ಟದ್ದು. ಈ ಕಾಗದ ಮುಟ್ಟಿದರೆ ಮೊದಲನೆಯದು ಒಣಗುತ್ತದೆ. ಎರಡನೆಯದು ಹಾಗೇ ತೊಟ್ಟಿಕ್ಕುತ್ತದೆ. ಹೊಳೆಯಾಚೆ ಹಾಕು ಎಂದರಲ್ಲ, ಲೆಕ್ಕದ ಟೀಚರು, ಇದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೇ ಅಂದರು. ನನ್ನ ಕೆಲಸ ಉಳಿಯಲೆಂದು ಈ ಖಾಲಿ ಜಾಗಕ್ಕೆ ಬರಲು ಒಪ್ಪಿಕೊಂಡು ಅಂದರು.

ಬೇಲಿಯ ಹತ್ತಿರ ಎಷ್ಟು ಹೊತ್ತು ನಿಂತೆನೋ. ಕೆಲಸ ಹೋದರೆ ಅರವತ್ತೆಂಟು ವರ್ಷದವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ. ಇವಳು ಹದಿನಾರು ವರ್ಷ ನಮ್ಮ ಜೇಬು ಓದಿದ್ದಾಳೆ ಎಂದು ತಿಳಿದ ಮೇಲೆ ಯಾರ ಮನೆಯ ಜಗಲಿಯ ಮೇಲೆ ಕೂರಲಿ? ನಾನು ಒಂದನ್ನೂ ಹೊರಗೆ ಹಾಕಿಲ್ಲ. ಆದರೆ ಅದನ್ನು ಯಾರು ನಂಬುತ್ತಾರೆ? ಕಾಲು ಎರಡು ಸಲ ಸೇತುವೆಯ ಕಡೆ ಹೋಯಿತು, ಎರಡು ಸಲ ನಿಂತಿತು. ಮೂರನೆಯ ಸಲ ಊರಿನ ಕಡೆ ತಿರುಗಿತು. ನಿಧಾನ ಮಾಡಿದರೆ ಮನಸ್ಸು ಬದಲಾದೀತೆಂದು ಓಡಿದ ಹಾಗೆ ನಡೆದೆ.

ಅಂಚೆಮನೆಯ ಜಗಲಿಯಲ್ಲಿ ಏಳೆಂಟು ಜನ ಇದ್ದರು. ಮೊಸರು ಮಾರುವ ಕೆಂಚಮ್ಮ ಮಡಕೆ ಇಳಿಸಿಕೊಂಡು ಕೂತಿದ್ದಳು. ಲೋಕಪ್ಪನವರು ಪತ್ರಿಕೆ ಬಂತೇ ಎಂದು ವಿಚಾರಿಸುತ್ತಿದ್ದರು. ಈಗ ಕೋಲೂರಿಕೊಂಡು ಬರುತ್ತಾರೆ, ಮುಖ ಮಾತ್ರ ಅದೇ ಗಂಭೀರ.

"ಏನು ದೇವೀರಮ್ಮ, ನಿನಗೂ ಕಾಗದವಾ?" ಎಂದ ಗುರುಸಿದ್ದು, ಕಿಟಕಿಯೊಳಗಿಂದ. ಲಕೋಟೆ ತಿರುಗಿಸಿ ನೋಡಿದ. "ಸ್ಟಾಂಪು ಸಂತೆಯಷ್ಟಿದೆ, ವಿಳಾಸವೇ ಇಲ್ಲವಲ್ಲಜ್ಜಿ. ಬರೆಯೋಕೆ ಯಾರನ್ನ ಕರ್ಕೊಂಡು ಬಂದಿದೀಯ?"

"ಯಾರನ್ನೂ ಇಲ್ಲ."

"ಮತ್ತೆ? ಕೆಂಚಮ್ಮನ ಕೈಲಿ ಬರೆಸ್ತೀಯಾ?"

"ಅಯ್ಯೋ ನನ್ನಪ್ಪ, ಬರೆಯೋಕೆ ಬಂದಿದ್ರೆ ನಾನ್ಯಾಕೆ ಮೊಸರು ಮಾರ್ತಿದ್ದೆ, ನಿನ್ನ ಕುರ್ಚೀಲಿ ಕೂರ್ತಿದ್ದೆ" ಎಂದಳು ಕೆಂಚಮ್ಮ. ಜನ ನಕ್ಕರು.

ಕಿಟಕಿಗೆ ದಾರ ಕಟ್ಟಿದ ಪೆನ್ನು ತೂಗುತ್ತಿತ್ತು. ನಾನು ಅದನ್ನು ಹಿಡಿದೆ. ಪೆಟ್ಟಿಗೆ ಹಿಡಿದ ಹಾಗೆ ಬಿಗಿಯಾಗಿ ಹಿಡಿದು, ಒತ್ತಿ ಒತ್ತಿ ಬರೆಯತೊಡಗಿದೆ. ಶ್ರೀಮತಿ ಎಂದು ಬರೆಯುವಷ್ಟರಲ್ಲಿ ನಗು ನಿಂತುಹೋಯಿತು. ವಿಶಾಲಾಕ್ಷಿ ಎಂದು ಮುಗಿಸುವಷ್ಟರಲ್ಲಿ ಪೆನ್ನಿನ ಮುಳ್ಳು ಕಾಗದಕ್ಕೆ ತಾಗುವ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಮನೆಯ ನಂಬರು, ಬೀದಿ, ಊರು. ಒಂದು ಒತ್ತು ಮರೆತು ಮತ್ತೆ ಸೇರಿಸಿದೆ.

"ದೇವೀರಮ್ಮ." ಲೋಕಪ್ಪನವರ ದನಿ ಹಿಂದಿನಿಂದ ಬಂತು. "ನಿನಗೆ ಎಷ್ಟು ವರ್ಷದಿಂದ ಬರುತ್ತೆ?"

"ಹದಿನಾರು, ಬುದ್ಧಿ."

ಯಾರೋ ಜೇಬು ಮುಟ್ಟಿ ನೋಡಿಕೊಂಡರು. ಕೆಂಚಮ್ಮ ಸೆರಗು ಹೊದ್ದು ದೂರ ಸರಿದಳು. "ಹಂಗಾದ್ರೆ ನನ್ನ ಮಗಳ ವಿಷ್ಯ…" ಎಂದು ಬಾಯಿ ಬಿಟ್ಟವಳು ಸುತ್ತ ನೋಡಿ ಮುಚ್ಚಿಕೊಂಡಳು.

"ಯಾರ ವಿಷಯವೂ ನನ್ನ ಬಾಯಿಂದ ಬಂದಿಲ್ಲ, ಬರೋದೂ ಇಲ್ಲ" ಎಂದೆ. "ಅದನ್ನೆಲ್ಲ ಹೊತ್ಕೊಂಡು ನಾನೇ ನೆಂದಿದೀನಿ. ಟೀಚರಮ್ಮನಿಗೂ ನನ್ನ ಸಂಗತಿ ಗೊತ್ತಿತ್ತು. ಅವರು ಹೇಳ್ಲಿಲ್ಲ. ಅವರನ್ನ ಬಯ್ಯೋದಿದ್ರೆ ನನ್ನ ಬಯ್ರಿ."

ಲೋಕಪ್ಪನವರು ಕೋಲು ಬದಲಾಯಿಸಿದರು. "ಆ ವರ್ಷ ನಾನೊಂದು ಹಾಳೆ ಹಿಡಿದಿದ್ದೆನಲ್ಲ, ಅವರು ಬರೆದುಕೊಟ್ಟಿದ್ದು. ಏನಿತ್ತು ಅದರಲ್ಲಿ?"

ಹೇಳಿದೆ. ಅವರ ಬಲಗೈ ತಾನಾಗಿ ಪಂಚೆಯ ಹಿಂಭಾಗಕ್ಕೆ ಹೋಯಿತು. ಯಾರೂ ನಗಲಿಲ್ಲ, ಒಬ್ಬಳು ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡಳು. ಲೋಕಪ್ಪನವರು ಪಂಚೆ ಸರಿಮಾಡಿಕೊಂಡು, "ನಾಳೆಯಿಂದ ಬಟ್ಟೆ ಬರೋದಿಲ್ಲ, ತಿಳೀತಾ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಕಟ್ಟಳೆ ಇತ್ತು, ಅಷ್ಟೇ.

"ತಿಳೀತು ಬುದ್ಧಿ."

ಗುರುಸಿದ್ದು ಲಕೋಟೆ ಎತ್ತಿಕೊಂಡ. ಪದ್ಧತಿಯಂತೆ ಗಟ್ಟಿಯಾಗಿ ಓದಿದ. ವಿಶಾಲಾಕ್ಷಿ ಎಂಬ ಹೆಸರು ನಲವತ್ತು ವರ್ಷದ ಮೇಲೆ ಆ ಬೀದಿಯಲ್ಲಿ ಕೇಳಿಸಿತು. ವಯಸ್ಸಾದ ಒಂದಿಬ್ಬರು ತಲೆ ಎತ್ತಿದರು.

"ಬರೆದವರು?"

"ಒಳಗಿಂದು ಅಂಬುಜಮ್ಮ ಟೀಚರು. ಹೊರಗಿಂದು ನಾನು."

"ಎಷ್ಟು ದಿನಕ್ಕೆ ಮುಟ್ಟುತ್ತಪ್ಪ?" ಎಂದೂ ಕೇಳಿದೆ.

"ಎರಡು ದಿನ. ಮಧ್ಯೆ ಭಾನುವಾರ ಬಂತಲ್ಲ, ಮೂರು ಅನ್ನು."

ಮೂರು. ಟೀಚರಮ್ಮನ ಹಾಸಿಗೆಯ ಕೆಳಗಿನ ತಟ್ಟೆ ಕಣ್ಣ ಮುಂದೆ ಬಂತು. ಗುರುಸಿದ್ದು ಐದೂ ಸ್ಟಾಂಪುಗಳ ಮೇಲೆ ಒಂದೊಂದಾಗಿ ಮುದ್ರೆ ಒತ್ತಿದ. ಲಕೋಟೆಯನ್ನು ಗೋಣಿಚೀಲದೊಳಕ್ಕೆ ಹಾಕಿದ. ಹಿಂದಿದ್ದವರು, "ಸರಿಯವ್ವ ಅತ್ಲಾಗೆ, ನಮ್ಮದೂ ಇದೆ" ಎಂದರು. ಅವನು ಚೀಲದ ಬಾಯಿ ಕಟ್ಟಿ, ಅರಗು ಹಚ್ಚಿ, ಹೊರಗೆ ನಿಂತಿದ್ದ ಗಾಡಿಗೆ ಎತ್ತಿಹಾಕಿ, ಗಾಡಿ ಸೇತುವೆಯ ಕಡೆ ತಿರುಗುವವರೆಗೂ ನಾನು ಕಿಟಕಿ ಬಿಡಲಿಲ್ಲ.